ಬೋರ್ಡು ಓದುವ ಊರಿನಲ್ಲಿ ನಾನು, ನನ್ನ ತಮ್ಮ

ಜಮಖಂಡಿ, ಹೊರಡುವ ಮೊದಲು

ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡು ಓದುವವರು ಯಾರೂ ಇಲ್ಲ. ಬೋರ್ಡು ಬರೆದೇ ಹೊಟ್ಟೆ ಹೊರೆಯುವ ನಾನೇ ಈ ಮಾತು ಹೇಳುತ್ತಿದ್ದೇನೆ, ಸುಳ್ಳಲ್ಲ. ಬಸ್ಸಿನ ಹಣೆಯ ಮೇಲೆ 'ಮುಧೋಳ' ಎಂದು ದೀಪದ ಅಕ್ಷರಗಳು ಹೊಳೆಯುತ್ತಿರುತ್ತವೆ. ಅದರ ಕೆಳಗೇ ನಿಂತು ಜನ ಕೇಳುತ್ತಾರೆ, "ಮುಧೋಳಕ್ಕ ಹೋಗತೈತೇನ್ರಿ?" ಕಂಡಕ್ಟರ್ ಹೌದು ಅನ್ನುತ್ತಾನೆ. ಅಷ್ಟಕ್ಕೂ ಸಮಾಧಾನವಾಗದೆ, ಹತ್ತಿ ಕೂತ ಮೇಲೆ ಪಕ್ಕದವರನ್ನು ಇನ್ನೊಮ್ಮೆ ಕೇಳುತ್ತಾರೆ. ಬರೆದದ್ದನ್ನು ನಂಬುವ ಊರಲ್ಲ ನಮ್ಮದು, ಬಾಯಿಂದ ಬಂದದ್ದನ್ನು ನಂಬುವ ಊರು. ನಾನೂ ಈ ಊರಿನವಳೇ.

ನಮ್ಮ ಮನೆಯಲ್ಲಿ ಇದಕ್ಕೆ ಹೊರತಾದವನು ಒಬ್ಬನೇ, ನನ್ನ ತಮ್ಮ ವಾಸು. ಹುಟ್ಟಿದಾಗಿನಿಂದ ಅವನಿಗೆ ಕಿವಿ ಕೇಳಿಸುವುದಿಲ್ಲ. ಕಿವುಡ ಮಕ್ಕಳ ಶಾಲೆಯಲ್ಲಿ ಕಲಿತ, ಈಗ ಮೂವತ್ತು ದಾಟಿದ್ದಾನೆ. ನಮ್ಮ ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಡಿಸೈನು ಮಾಡುವವನು ಅವನೇ. ಗಿರಾಕಿಯ ಜೊತೆ ಮಾತು ನನ್ನದು, ಅಕ್ಷರ ಬಣ್ಣ ಅವನದು. ಒಂದು ಮೋಜು ಕೇಳಿ. ಜಮಖಂಡಿಯ ಮಾತು ಅವನ ಕಿವಿಗೆ ಎಂದೂ ಬಿದ್ದಿಲ್ಲವಲ್ಲ, ಅವನ ಕನ್ನಡವೆಲ್ಲ ಪುಸ್ತಕದಿಂದ ಬಂದದ್ದು. ಹಾಗಾಗಿ ನಾವೆಲ್ಲ ಮನಿ, ಸಾಲಿ, ಹೋಗಾಕತ್ತೇನಿ ಅನ್ನುವ ಮನೆಯಲ್ಲಿ ಫೋನಿನ ಮೇಲೆ "ಅಕ್ಕ, ನಾನು ಹೋಗುತ್ತಿದ್ದೇನೆ" ಎಂದು ಪಠ್ಯಪುಸ್ತಕದ ಹಾಗೆ ಬರೆಯುವವನು ಅವನೊಬ್ಬನೇ. ಅಪ್ಪ ಅವ್ವ ಹೋದ ಮೇಲೆ ಅವನು ನಮ್ಮ ಮನೆಯಲ್ಲೇ ಇದ್ದಾನೆ.

ಅವನು ಬಸ್ಸು ಹತ್ತುವುದಿದ್ದರೆ ನಾನು ಸ್ಟ್ಯಾಂಡಿಗೆ ಹೋಗಿ ಕಂಡಕ್ಟರಿಗೆ ಹೇಳಿ ಹತ್ತಿಸುತ್ತಿದ್ದೆ. ನಮ್ಮ ಕಡೆ ಇದೊಂದು ಪದ್ಧತಿ. ವಯಸ್ಸಾದ ಸೋದರತ್ತೆ, ಊಟದ ಡಬ್ಬಿ, ಹೊಲಿದಿಟ್ಟ ಜಂಪರು, ಎಲ್ಲವನ್ನೂ ಕಂಡಕ್ಟರಿಗೆ ಒಪ್ಪಿಸಿಯೇ ಕಳಿಸುವುದು. "ಇವ ನನ್ನ ತಮ್ಮ ಅದಾನ್ರಿ. ಕಿವಿ ಕೇಳಾಂಗಿಲ್ಲ. ಏನಿದ್ರೂ ನನಗ ಫೋನ್ ಮಾಡ್ರಿ, ಅವಗ ತಿಳಿಯಾಂಗಿಲ್ಲ." ಈ ಮಾತನ್ನು ನಾನು ಎಷ್ಟು ಕಂಡಕ್ಟರುಗಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ವಾಸು ಪಕ್ಕದಲ್ಲೇ ಚೀಲ ಹಿಡಿದು ನಗುತ್ತ ನಿಂತಿರುತ್ತಿದ್ದ.

ಈಚೆಗೆ ಮುಧೋಳದ ಬಸ್‌ಸ್ಟ್ಯಾಂಡಿನ ಹತ್ತಿರ ಇನ್ನೊಂದು ಮಳಿಗೆ ಹಿಡಿದೆವು. ಈಗ ದವಾಖಾನೆ, ಬಂಗಾರದಂಗಡಿ, ಕೋಚಿಂಗ್ ಕ್ಲಾಸು ಎಲ್ಲರಿಗೂ ಎಲ್‌ಇಡಿ ಪರದೆ ಬೇಕಾಗಿದೆ. ಅಲ್ಲಿ ಪರದೆಯ ಕೆಲಸ ಶುರು ಮಾಡೋಣ ಅಂದುಕೊಂಡೆವು. ವಾಸು ಫೋನಿನಲ್ಲಿ ಬರೆದು ನನ್ನ ಮುಂದೆ ಹಿಡಿದ: "ಮುಧೋಳದ ಅಂಗಡಿಯನ್ನು ನಾನು ನೋಡಿಕೊಳ್ಳುತ್ತೇನೆ. ಒಬ್ಬನೇ." ನಾನು ಬೇಡವೆಂದು ಕೈ ಅಲ್ಲಾಡಿಸಿದೆ. ದಿನಾ ಬಸ್ಸಿನಲ್ಲಿ ಹೋಗಿ ಬರಬೇಕು, ಹಿಂದಿನಿಂದ ಟ್ರ್ಯಾಕ್ಟರ್ ಬಂದರೆ ಹಾರ್ನ್ ಕೇಳಿಸುವುದಿಲ್ಲ, ಬಸ್ಸು ಕೆಟ್ಟು ನಿಂತರೆ ಏನಾಯಿತೆಂದು ಅವನಿಗೆ ಯಾರು ಹೇಳಬೇಕು? ಅವನು ಬಿಡಲಿಲ್ಲ. ಅದೇ ಸಾಲನ್ನು ಅಳಿಸದೆ ಇಟ್ಟುಕೊಂಡು ದಿನಾ ಚಹಾ ಕುಡಿಯುವಾಗ ತೋರಿಸತೊಡಗಿದ. ತಾಳಲಾರದೆ, ಪ್ರವಾಸ ಮುಗಿಸಿ ಬಂದ ಮೇಲೆ ಹೇಳುತ್ತೇನೆ ಎಂದು ಸನ್ನೆ ಮಾಡಿದೆ.

ಪ್ರವಾಸವೆಂದರೆ ಜಪಾನಿಗೆ. ನಮಗೆ ಪರದೆ ಕಳಿಸುವ ಹುಬ್ಬಳ್ಳಿಯ ವ್ಯಾಪಾರಿಗಳು ಟೋಕಿಯೊದಲ್ಲಿ ನಡೆಯುವ ಒಂದು ಪ್ರದರ್ಶನಕ್ಕೆ ಅಂಗಡಿಕಾರರನ್ನು ಕರೆದುಕೊಂಡು ಹೊರಟಿದ್ದರು, ಅಂಗಡಿಗೆ ಇಬ್ಬರಂತೆ. ನಮ್ಮ ಯಜಮಾನರಿಗೆ ಮಾಳಿಗೆ ಹತ್ತಿದರೇ ತಲೆ ತಿರುಗುತ್ತದೆ, ವಿಮಾನ ದೂರದ ಮಾತು. ಹೀಗಾಗಿ ವಾಸು ಹೊರಟ. ನಮ್ಮ ಗುಂಪಿನಲ್ಲಿ ಗುರುತಿನವರು ಎಂದರೆ ಬನಹಟ್ಟಿಯ ಮಲ್ಲಪ್ಪಣ್ಣ ಒಬ್ಬರೇ. ಸೀರೆ ಅಂಗಡಿಗಳಿಗೆ ಬೋರ್ಡು ಮಾಡಿಕೊಡುವವರು, ದೊಡ್ಡ ಮೀಸೆಯವರು, ಮಾತು ನಿಲ್ಲಿಸಿದರೆ ಜೀವ ಹೋಗುತ್ತದೇನೋ ಎಂಬಂಥವರು.

ಟೋಕಿಯೊ, ಮೊದಲ ದಿನ

ವಿಮಾನ ನಿಲ್ದಾಣದಿಂದ ಹೋಟೆಲ್ ಮುಟ್ಟುವವರೆಗೆ ಮಲ್ಲಪ್ಪಣ್ಣ ಬಸ್ಸಿನ ಕಿಟಕಿಗೆ ಮುಖ ಒತ್ತಿ ಕೂತಿದ್ದರು. ಕೊನೆಗೆ ನನ್ನ ಕಡೆ ತಿರುಗಿ ಗಂಭೀರವಾಗಿ ಕೇಳಿದರು.

"ಅಕ್ಕಾರ, ಈ ಊರಾಗ ಯಾರೂ ಹುಟ್ಟೇ ಇಲ್ಲೇನ್ರಿ?"

"ಯಾಕ್ರಿ?"

"ಒಂದರ ಹುಟ್ಟುಹಬ್ಬದ ಬ್ಯಾನರ್ ಕಂಡತೇನ್ರಿ ನಿಮಗ? ಹೋಗ್ಲಿ, ಯಾರರ ಸತ್ತಿದ್ದರ ಶ್ರದ್ಧಾಂಜಲಿ? ಅದೂ ಇಲ್ಲ!"

ಖರೆ, ಒಂದೂ ಇರಲಿಲ್ಲ. ನಮ್ಮ ಕಡೆ ಒಂದು ಸರ್ಕಲ್ ದಾಟುವುದರೊಳಗೆ ಹತ್ತಾರು ಮುಖ ಕೈ ಮುಗಿದು ನಿಂತಿರುತ್ತವೆ. ಮೇಲೆ ದೊಡ್ಡವರು, ನಡುವೆ ಹುಟ್ಟಿದವರು, ಕೆಳಗೆ ಶುಭ ಕೋರುವವರ ಸಾಲು. ಆ ಸಾಲಿನಲ್ಲಿ ಯಾರ ಮುಖ ಯಾರಿಗಿಂತ ಎಡಕ್ಕೆ ಬರಬೇಕು ಎಂಬುದರ ಮೇಲೆ ನಮ್ಮ ಅಂಗಡಿಯಲ್ಲಿ ಜಗಳಗಳಾಗಿವೆ. ಇಲ್ಲಿ ಕಟ್ಟಡದ ಎದೆಗೆ ಎದೆ ಹಚ್ಚಿ ಪರದೆಗಳು ಹೊಳೆಯುತ್ತವೆ, ಆದರೆ ಅದರಲ್ಲಿ ಸಾಬೂನು, ನೂಡಲ್ಸು, ಹವಾಮಾನ. ಊರಿನ ಮನುಷ್ಯರು ಯಾರೂ ಇಲ್ಲ. ನನಗೆ ಅದು ಬಣಬಣ ಅನ್ನಿಸಿತು. ವಾಸುವಿಗೆ ಮಾತ್ರ ಹಬ್ಬ. ಅವನು ಪ್ರತಿಯೊಂದು ಅಕ್ಷರದ ಅಂಚನ್ನೂ ಸೀರೆ ಸೆರಗು ನೋಡುವ ಹಾಗೆ ನೋಡುತ್ತಿದ್ದ.

ಸಂಜೆ ರೈಲಿನಲ್ಲಿ ಹೊರಟೆವು. ಡಬ್ಬಿ ತುಂಬ ಜನ. ಒಬ್ಬರಾದರೂ ಮಾತಾಡಬೇಡವೇ? ಕೆಮ್ಮೂ ಇಲ್ಲ. ಫೋನು ಬಂದರೆ ಎತ್ತುವುದಿಲ್ಲ, ರೈಲಿನಲ್ಲಿ ಮಾತಾಡಿದರೆ ಬೇರೆಯವರಿಗೆ ತ್ರಾಸು ಅಂತೆ. ಮಲ್ಲಪ್ಪಣ್ಣ ಒಂದು ಸ್ಟೇಷನ್ನಿನವರೆಗೆ ತಡೆದುಕೊಂಡರು, ಆಮೇಲೆ ಮೀಸೆಯೊಳಗೇ ಏನೋ ಗೊಣಗತೊಡಗಿದರು. ವಾಸು ಸುತ್ತ ನೋಡಿ, ಕಣ್ಣು ಅರಳಿಸಿ, ನನಗೆ ಸನ್ನೆ ಮಾಡಿದ: ಇಲ್ಲಿ ಎಲ್ಲರೂ ನನ್ನ ಹಾಗೆಯೇ ಏನು? ನಾನು ಬಾಯಿ ಮುಚ್ಚಿಕೊಂಡು ನಕ್ಕದ್ದಕ್ಕೆ ಎದುರಿನ ಅಜ್ಜಿಯೊಬ್ಬರು ಮುಗುಳ್ನಕ್ಕರು. ಬಾಗಿಲ ಮೇಲಿನ ಪುಟ್ಟ ಪರದೆಯಲ್ಲಿ ಮುಂದಿನ ಸ್ಟೇಷನ್ನಿನ ಹೆಸರು, ಯಾವ ಬದಿಯ ಬಾಗಿಲು ತೆರೆಯುತ್ತದೆ ಎಂಬುದು, ಮೊದಲು ಅವರ ಲಿಪಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಬಂದು ಹೋಗುತ್ತಿತ್ತು. ಅದೇ ವಿಷಯವನ್ನು ಒಂದು ಹೆಣ್ಣು ದನಿಯೂ ಹೇಳುತ್ತಿತ್ತು. ನಾನು ದನಿಗೆ ಕಿವಿ ಕೊಟ್ಟು ಗೊಂದಲದಲ್ಲಿದ್ದೆ. ವಾಸು ಇಳಿಯುವ ಜಾಗ ಬರುವ ಮೊದಲೇ ಎದ್ದು ಸರಿಯಾದ ಬಾಗಿಲ ಮುಂದೆ ನಿಂತಿದ್ದ.

ಬೀದಿಯಲ್ಲಿ ಮಕ್ಕಳ ಗಾಡಿ ತಳ್ಳಿಕೊಂಡು ಬಂದ ಹೆಂಗಸೊಬ್ಬಳನ್ನು ಕಂಡು ನಾನು ಮಗುವನ್ನು ಮಾತಾಡಿಸಲು ಬಗ್ಗಿದೆ. ಒಳಗೆ ಸ್ವೆಟರ್ ಹಾಕಿಕೊಂಡ ನಾಯಿ! ಅಲ್ಲಿ ಇದು ಸರ್ವೇಸಾಮಾನ್ಯವಂತೆ. "ನಮ್ಮ ಮುಧೋಳ ನಾಯಿಗೋಳಿಗೆ ಇದನ್ನ ತೋರಸಬಾರದ್ರಿ ಅಕ್ಕಾರ," ಅಂದರು ಮಲ್ಲಪ್ಪಣ್ಣ, "ಓಡೂದು ಬಿಟ್ಟು ಗಾಡಿ ಬೇಡ್ತಾವ."

ಪ್ರದರ್ಶನದಲ್ಲಿ, ಗಾಜಿನ ಮುಂದೆ

ಪ್ರದರ್ಶನದ ಸಭಾಂಗಣ ಎಷ್ಟು ದೊಡ್ಡದೆಂದರೆ ನಮ್ಮ ಸಂತೆಯನ್ನು ಅದರ ಒಂದು ಮೂಲೆಯಲ್ಲಿ ಕೂರಿಸಿದರೂ ಜಾಗ ಉಳಿಯುತ್ತದೆ. ಬಟ್ಟೆಯ ಹಾಗೆ ಸುತ್ತುವ ಪರದೆ, ನೆಲಕ್ಕೆ ಹಾಸುವ ಪರದೆ, ಕಂಬಕ್ಕೆ ಅಪ್ಪಿಕೊಂಡ ಪರದೆ. ಮಲ್ಲಪ್ಪಣ್ಣ ನೆಲದ ಪರದೆಯ ಮೇಲೆ ಕಾಲಿಡಲು ಒಪ್ಪಲೇ ಇಲ್ಲ. ಅದರಲ್ಲಿ ಮೀನು ಈಜುತ್ತಿದ್ದವು. "ತುಳದ್ರ ಪಾಪ ಹತ್ತತೈತ್ರಿ" ಎಂದು ಸುತ್ತು ಹಾಕಿ ಹೋದರು.

ಒಂದು ಮಳಿಗೆಯಲ್ಲಿ ಮೇಜಿನ ಮೇಲೆ ಬರೀ ಗಾಜು ನಿಂತಿತ್ತು. ಅದರಾಚೆ ಒಬ್ಬ ಹುಡುಗಿ. ಅವಳು ಮಾತಾಡಿದರೆ ಆ ಮಾತು ಗಾಜಿನ ಮೇಲೆ ಅಕ್ಷರವಾಗಿ ಮೂಡುತ್ತದೆ. ನಾವು ಮಾತಾಡಿದರೆ ನಮ್ಮದೂ ಮೂಡುತ್ತದೆ. ಅವಳಿಗೆ ಜಪಾನಿಯಲ್ಲಿ, ನಮಗೆ ಇಂಗ್ಲಿಷಿನಲ್ಲಿ. ರೈಲು ಸ್ಟೇಷನ್, ಸರ್ಕಾರಿ ಕಚೇರಿಗಳಲ್ಲಿ ಬೇರೆ ಭಾಷೆಯವರಿಗೂ ಕಿವಿ ಕೇಳಿಸದವರಿಗೂ ಇಂಥದ್ದನ್ನು ಇಡುತ್ತಾರಂತೆ. ವಾಸು ಗಾಜಿನ ಮುಂದೆ ನಿಂತ. ಹುಡುಗಿ ತಲೆ ಬಾಗಿಸಿ ಏನೋ ಅಂದಳು. "ದೂರದಿಂದ ಬಂದಿದ್ದೀರಿ, ನಿಮಗೆ ಸ್ವಾಗತ" ಎಂದು ಇಂಗ್ಲಿಷ್ ಅಕ್ಷರಗಳು ಅವಳ ಗಲ್ಲದ ಹತ್ತಿರ ಒಂದೊಂದಾಗಿ ಎದ್ದು ಬಂದವು. ಒಬ್ಬ ಮನುಷ್ಯನ ಬಾಯಿಂದ ಮಾತು ಹೊರಡುವುದನ್ನು ವಾಸು ಮೊದಲ ಸಲ ನೋಡಿದ.

ಅವನು ನನ್ನ ಮೊಣಕೈ ಹಿಡಿದು ಮುಂದಕ್ಕೆ ಎಳೆದ. ನೀನೂ ಮಾತಾಡು, ನೋಡುತ್ತೇನೆ, ಎಂದು ಸನ್ನೆ ಮಾಡಿದ. ನಾನು ನನ್ನ ಹರಕು ಇಂಗ್ಲಿಷಿನಲ್ಲಿ ಜಮಖಂಡಿಯವರು ನಾವು ಅಂದೆ. ಜಮಖಂಡಿಯ ಬದಲು ಯಾವುದೋ ಮಿಠಾಯಿಯ ಹೆಸರು ಮೂಡಿತು. ಎಲ್ಲರೂ ನಕ್ಕರು. ಹುಡುಗಿ ವಾಸುವನ್ನೇ ನೋಡುತ್ತ ಪರದೆಯ ಬಗ್ಗೆ ಏನೋ ವಿವರಿಸಲು ಶುರು ಮಾಡಿದಳು. ಅಷ್ಟರಲ್ಲಿ ನನ್ನ ಬಾಯಿಗೆ ರೂಢಿಯಾದ ಮಾತು ತಾನಾಗಿಯೇ ಬಂದುಬಿಟ್ಟಿತು. ಈ ಸಲ ಇಂಗ್ಲಿಷಿನಲ್ಲಿ.

"ಇವನು ನನ್ನ ತಮ್ಮ. ಇವನಿಗೆ ಕೇಳಿಸುವುದಿಲ್ಲ. ಏನಿದ್ದರೂ ನನಗೆ ಹೇಳಿ. ಇವನಿಗೆ ತಿಳಿಯುವುದಿಲ್ಲ."

ಗಾಜು ಅದನ್ನೂ ಬರೆಯಿತು. ಒಂದು ತಪ್ಪಿಲ್ಲದೆ, ಸ್ವಚ್ಛವಾಗಿ ಬರೆಯಿತು. ಜಮಖಂಡಿ ಅನ್ನಲು ಬಾರದ ಯಂತ್ರಕ್ಕೆ ಇದು ಎಷ್ಟು ಚೆಂದ ಬಂತು ನೋಡಿ! ವಾಸು ಓದಿದ. ಅಕ್ಷರಗಳು ಮಾಸಿದ ಮೇಲೂ ಅಲ್ಲೇ ನೋಡುತ್ತಿದ್ದ. ಹುಡುಗಿ ಏನು ಮಾಡಬೇಕೆಂದು ತಿಳಿಯದೆ ಇಬ್ಬರಿಗೂ ತಲೆ ಬಾಗಿಸಿದಳು.

ಹೊರಗೆ ಬೆಂಚಿನ ಮೇಲೆ ಕೂತಾಗ ವಾಸು ಫೋನಿನಲ್ಲಿ ಬರೆದ: "ಬಸ್ಸಿನಲ್ಲಿ ಕಂಡಕ್ಟರಿಗೂ ಇದನ್ನೇ ಹೇಳುತ್ತೀಯಾ?"

ಹೌದೆಂದು ತಲೆಯಾಡಿಸಿದೆ.

"ಆಗ ಅವರು ಏನನ್ನುತ್ತಾರೆ?"

ಸುಳ್ಳು ಹೇಳಬಹುದಿತ್ತು. ಹೊಳೆಯಲಿಲ್ಲ. ಅವನ ಫೋನು ತೆಗೆದುಕೊಂಡು 'ಪಾಪ' ಎಂದು ಬರೆದೆ. ಅವನು ಅದನ್ನು ಓದಿ, ನನ್ನ ಮುಖದ ಮುಂದೆ ತನ್ನ ತುಟಿಯನ್ನು ಎರಡು ಸಲ ಮುಚ್ಚಿ ತೆರೆದ. ಆಮೇಲೆ ಬರೆದ: "ನನ್ನನ್ನು ನೋಡಿದವರ ತುಟಿ ಹೀಗೆ ಆಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅದೇ ನನ್ನ ಹೆಸರು ಎಂದು ಆಗ ತಿಳಿದಿದ್ದೆ."

ನನಗೆ ಅಳು ಬಂತು. ಅವನು ಸಿಟ್ಟಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ಸಿಟ್ಟಾಗಲಿಲ್ಲ. ಎದ್ದು ಹೋಗಿ, ಗುಂಡಿ ಒತ್ತಿದರೆ ಡಬ್ಬಿ ಉದುರುವ ಯಂತ್ರದಿಂದ ಬಿಸಿ ಚಹಾ ತಂದು ನನ್ನ ಕೈಗೆ ಕೊಟ್ಟ. ಹಾಲಿಲ್ಲದ, ಸಕ್ಕರೆ ಇಲ್ಲದ ಹಸಿರು ಚಹಾ. ಅದೊಂದು ಔಷಧದ ಹಾಗಿತ್ತು, ಆದರೂ ಪೂರ್ತಿ ಕುಡಿದೆ.

ಬೆಕ್ಕು

ಆ ಸಂಜೆ ಮಲ್ಲಪ್ಪಣ್ಣನೇ ನಮ್ಮಿಬ್ಬರನ್ನು ಎಬ್ಬಿಸಿಕೊಂಡು ಪೇಟೆಗೆ ಕರೆದೊಯ್ದರು. ದೊಡ್ಡ ಚೌಕದ ಒಂದು ಕಟ್ಟಡದ ಮೂಲೆಯಲ್ಲಿ ಬಾಗಿದ ಪರದೆ. ಅದರಲ್ಲಿ ಮನೆಯಷ್ಟು ದೊಡ್ಡ ಬೆಕ್ಕೊಂದು ಮಲಗಿ ಎದ್ದು ಕೆಳಗೆ ನಮ್ಮನ್ನು ಬಗ್ಗಿ ನೋಡುತ್ತದೆ. ಎಲ್ಲಿ ಮೈಮೇಲೆ ಹಾರುತ್ತದೋ ಅನ್ನಿಸುತ್ತದೆ. ಜನ ನಿಂತು ನೋಡಿ, ಫೋಟೋ ತೆಗೆದು, ಸಿಗ್ನಲ್ ಹಸಿರಾದೊಡನೆ ಸದ್ದಿಲ್ಲದೆ ದಾಟಿ ಹೋಗುತ್ತಾರೆ. ಆ ಬೆಕ್ಕು ಏನನ್ನೂ ಮಾರುತ್ತಿರಲಿಲ್ಲ, ಸುಮ್ಮನೆ ಇತ್ತು. "ಹಿಂಗ ಬಿಟ್ಟಿ ಬೆಕ್ಕು ತೋರಸಾಕ ಯಾರ ಕರೆಂಟ್ ಬಿಲ್ ಕಟ್ಟತಾರ್ರಿ?" ಎಂದು ಮಲ್ಲಪ್ಪಣ್ಣ ಕೇಳುತ್ತಲೇ ಇದ್ದರು. ಆದರೆ ಕದಲಲೂ ಇಲ್ಲ. ವಾಸು ಅವರ ಭುಜ ತಟ್ಟಿ, ಅವರ ಮೀಸೆಯನ್ನೂ ಬೆಕ್ಕಿನ ಮೀಸೆಯನ್ನೂ ತೋರಿಸಿದ. ಮಲ್ಲಪ್ಪಣ್ಣ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ.

ನಿಲ್ಲದ ರೈಲು

ಮರುದಿನ ಪ್ರದರ್ಶನದಿಂದ ನಾವಿಬ್ಬರೇ ಬೇಗ ಹೊರಟೆವು. ನಮ್ಮ ಹೋಟೆಲ್ ಇದ್ದದ್ದು ಒಂದು ಸಣ್ಣ ಸ್ಟೇಷನ್ನಿನ ಪಕ್ಕ. ನಾವು ಹತ್ತುವ ಕಡೆ ಒಂದೇ ಪ್ಲಾಟ್‌ಫಾರ್ಮಿಗೆ ಎಲ್ಲ ಕಡೆ ನಿಲ್ಲುವ ರೈಲೂ ಬರುತ್ತದೆ, ಸಣ್ಣ ಸ್ಟೇಷನ್ನುಗಳನ್ನು ಬಿಟ್ಟು ಓಡುವ ರೈಲೂ ಬರುತ್ತದೆ. ಯಾವುದು ಯಾವುದೆಂದು ತಲೆಯ ಮೇಲಿನ ಪರದೆಯಲ್ಲಿ ಬರೆದಿರುತ್ತದೆ. ಒಂದು ರೈಲು ಬಂತು. ವಾಸು ಪರದೆ ನೋಡಿ, ಇದಲ್ಲ, ಮುಂದಿನದು ಎಂದು ಸನ್ನೆ ಮಾಡಿದ. ನಾನು ಸುಮ್ಮನಿರಬೇಕೋ ಬೇಡವೋ? ಪಕ್ಕದಲ್ಲಿ ನಿಂತಿದ್ದ ಹಿರಿಯ ಹೆಂಗಸಿಗೆ ಹೋಟೆಲಿನ ಚೀಟಿ ತೋರಿಸಿ, ರೈಲು ತೋರಿಸಿ, ಹೋಗುತ್ತದೇನು ಎಂದು ಕೇಳಿದೆ. ಆಕೆ ಚೀಟಿ ಓದುತ್ತ ಹೂಂ ಹೂಂ ಎಂದು ತಲೆಯಾಡಿಸಿದಳು. ಹೌದು ಅಂದಳು ಎಂದುಕೊಂಡೆ. ಅದು ಹೌದಲ್ಲ, ನಿಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದೇನೆ ಎಂದು ಅಲ್ಲಿಯವರು ಮಾಡುವ ಮರ್ಯಾದೆ ಎಂದು ಆಮೇಲೆ ತಿಳಿಯಿತು. ವಾಸು ನನ್ನ ಸೆರಗು ಹಿಡಿದು ಎಳೆದ. ಕೊಸರಿಕೊಂಡು ಹತ್ತಿಬಿಟ್ಟೆ. ಅವನೂ ಹಿಂದೆ ಬರುತ್ತಾನೆ ಅಂದುಕೊಂಡೆ. ಬಾಗಿಲು ಮುಚ್ಚಿತು. ಗಾಜಿನಾಚೆ ವಾಸು ಎರಡೂ ಕೈ ಮೇಲೆತ್ತಿ ಪರದೆಯನ್ನು ತೋರಿಸುತ್ತ ನಿಂತಿದ್ದ.

ಹೆದರಿಬಿಟ್ಟೆ. ನನಗೇನಾದೀತು ಅಂತಲ್ಲ. ಅಯ್ಯೋ ದೇವರೆ, ಕಿವಿ ಕೇಳಿಸದ ಹುಡುಗ, ಪರದೇಶ, ಒಬ್ಬನೇ! ಹುಬ್ಬಳ್ಳಿಯವರು ಎಲ್ಲರ ಫೋನಿಗೂ ಇಂಟರ್ನೆಟ್ ಹಾಕಿಸಿಕೊಟ್ಟಿದ್ದರು. ಗಡಿಬಿಡಿಯಲ್ಲಿ ಫೋನು ತೆಗೆದು, ಗುಂಡಿ ಒತ್ತಿ ಹಿಡಿದು, ಆ ಮೌನದ ಡಬ್ಬಿಯಲ್ಲಿ ಜೋರಾಗಿ ಅಂದೆ: "ವಾಸೂ, ಎಲ್ಲೂ ಹೋಗಬ್ಯಾಡಪಾ, ನಿಂತಲ್ಲೇ ನಿಂದ್ರು, ನಾ ಬರ್ತೇನಿ!" ಕಳಿಸಿದ ಮೇಲೆ ಗೊತ್ತಾಯಿತು. ಕಿವಿ ಕೇಳಿಸದ ತಮ್ಮನಿಗೆ ದನಿ ಕಳಿಸಿದ್ದೆ. ಡಬ್ಬಿಯ ಜನ ನನ್ನನ್ನು ನೋಡಲಿಲ್ಲ, ಅಷ್ಟು ಸಭ್ಯರು. ಎಲ್ಲರೂ ಒಟ್ಟಿಗೆ ಬೇರೆ ಕಡೆ ನೋಡಿದರು. ಅದಕ್ಕಿಂತ ಬೈದಿದ್ದರೆ ಚಲೋ ಇತ್ತು.

ರೈಲು ಸ್ಟೇಷನ್ ಮೇಲೆ ಸ್ಟೇಷನ್ ಬಿಟ್ಟು ಓಡಿತು. ನಮ್ಮ ಹೋಟೆಲಿನ ಸ್ಟೇಷನ್ ಕಣ್ಣ ಮುಂದೆಯೇ ಸರ್ರನೆ ಹಿಂದೆ ಹೋಯಿತು. ನಮ್ಮ ಕಡೆಯ ಸಣ್ಣ ಊರು ಹುನ್ನೂರಿನಲ್ಲಿ ನಿಲ್ಲದ ಬಸ್ಸು ಹತ್ತಿದ ಹಾಗೆ. ನಮ್ಮಲ್ಲಾದರೆ "ಹುನ್ನೂರಾಗ ಒಂಚೂರು ಸ್ಲೋ ಮಾಡ್ರೀ" ಎಂದು ಕೂಗಿದರೆ ಡ್ರೈವರ್ ಬೈಯುತ್ತ ಬ್ರೇಕ್ ಹಾಕುತ್ತಾನೆ. ಇಲ್ಲಿ ಯಾರಿಗೆ ಕೂಗುವುದು?

ಫೋನು ಅದುರಿತು. ವಾಸುವಿನ ಸಂದೇಶ, ಅದೇ ಪಠ್ಯಪುಸ್ತಕದ ಕನ್ನಡದಲ್ಲಿ.

"ಅಕ್ಕ, ಹೆದರಬೇಡ. ಬಾಗಿಲಿನ ಮೇಲಿನ ಪರದೆಯನ್ನು ನೋಡು. ಅಲ್ಲಿ ಏನು ಬರೆದಿದೆಯೋ ನನಗೆ ಬರೆ."

ನೋಡಿದೆ. ಜಪಾನಿ ಅಕ್ಷರ. ಅದು ಹೋಗಿ ಇಂಗ್ಲಿಷ್ ಬಂತು. ನಾನು ಕನ್ನಡಕ ಸರಿಮಾಡಿಕೊಳ್ಳುವುದರೊಳಗೆ ಅದೂ ಹೋಯಿತು. ಬೋರ್ಡು ಮಾರುವ ಹೆಂಗಸಿಗೆ ಬೋರ್ಡು ಓದಲು ಬರುತ್ತಿಲ್ಲವಲ್ಲಪ್ಪಾ ಎಂದು ನನಗೇ ನಾಚಿಕೆಯಾಯಿತು. ಮೂರನೆಯ ಸಲಕ್ಕೆ ಹೆಸರು ಸಿಕ್ಕಿತು. ಒಂದೊಂದೇ ಅಕ್ಷರ ಒತ್ತಿ ಕಳಿಸಿದೆ.

"ಅಲ್ಲಿಯೇ ಇಳಿ. ಎದುರಿನ ಬದಿಗೆ ಹೋಗು. ಪರದೆಯಲ್ಲಿ 'ಲೋಕಲ್' ಎಂಬ ಪದ ಬರುವವರೆಗೂ ಹತ್ತಬೇಡ. ಯಾರನ್ನೂ ಕೇಳಬೇಡ."

ಆ ಕೊನೆಯ ಸಾಲು ಓದಿ, ಅಷ್ಟು ಭಯದಲ್ಲೂ ನಗು ಬಂತು. ಇಳಿದೆ. ಎದುರಿಗೆ ಹೋದೆ. ಒಂದು ರೈಲು ಬಂತು, ಪಕ್ಕದಲ್ಲಿ ಒಬ್ಬ ಸಭ್ಯ ಗೃಹಸ್ಥ ನಿಂತಿದ್ದ, ಕೇಳಲು ನಾಲಿಗೆ ತುರಿಸಿತು. ಬಾಯಿ ಬಿಗಿಹಿಡಿದು ಪರದೆ ನೋಡಿದೆ. ಲೋಕಲ್ ಅಲ್ಲ. ಬಿಟ್ಟೆ. ಮುಂದಿನದು ಲೋಕಲ್. ಹತ್ತಿದೆ. ನಮ್ಮ ಸ್ಟೇಷನ್ನಿನ ಹೆಸರು ಬಾಗಿಲ ಮೇಲೆ ಮೂಡಿದಾಗ ನನಗೆ ಮೆಟ್ರಿಕ್ ಪಾಸಾದಷ್ಟು ಸಂತೋಷವಾಯಿತು.

ವಾಸು ಆಗಲೇ ಬಂದು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ. ನನ್ನನ್ನು ಕಂಡೊಡನೆ ಕಣ್ಣು ಅರೆಮುಚ್ಚಿ, ಆ ಹೆಂಗಸಿನ ಹಾಗೆ ಹೂಂ ಹೂಂ ಎಂದು ತಲೆಯಾಡಿಸಿ ತೋರಿಸಿದ. "ಸಾಕು ಬಿಡೋ ಭಾಡ್ಯಾ" ಎಂದು ಬೆನ್ನಿಗೆ ಗುದ್ದಿ ಅಪ್ಪಿಕೊಂಡೆ.

ಕೊನೆಯ ದಿನ

ಹೊರಡುವ ಬೆಳಿಗ್ಗೆ ಒಂದು ಸಣ್ಣ ಉಪಾಹಾರದಂಗಡಿಯಲ್ಲಿ ಕೂತಿದ್ದೆವು. ಮಲ್ಲಪ್ಪಣ್ಣ ಬನಹಟ್ಟಿಯಿಂದ ತಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮುಗಿದು ಮುಖ ಸಪ್ಪಗೆ ಮಾಡಿಕೊಂಡಿದ್ದರು. ವಾಸು ಹಳೆಯ ಸಾಲನ್ನು ಮತ್ತೆ ತೆಗೆದು ನನ್ನ ಮುಂದಿಟ್ಟ. ಮುಧೋಳದ ಅಂಗಡಿಯನ್ನು ನಾನು ನೋಡಿಕೊಳ್ಳುತ್ತೇನೆ. ಒಬ್ಬನೇ.

ರೈಲಿನ ಪ್ರಸಂಗ ಆದ ಮೇಲೂ ನನ್ನ ಮನಸ್ಸು ಒಪ್ಪಿರಲಿಲ್ಲ. ಜಪಾನೇ ಬೇರೆ, ನಮ್ಮ ಕಡೆಯೇ ಬೇರೆ. ಅವನ ಫೋನಿನಲ್ಲಿ ಬರೆದೆ: "ಇಲ್ಲಿ ಎಲ್ಲಾ ಪರದಿ ಮ್ಯಾಲೆ ಬರದಿರ್ತಾರ. ನಮ್ಮಲ್ಲಿ ಎಲ್ಲಾ ಬಾಯಾಗ ಇರತೈತಿ. ಅಲ್ಲೆಲ್ಲೈತಿ ನಿನಗ ಪರದಿ?"

ಅವನು ಓದಿದ. ನನ್ನ ಕನ್ನಡ ಅವನಿಗೆ ಯಾವಾಗಲೂ ಸ್ವಲ್ಪ ತಡವಾಗಿ ತಿಳಿಯುತ್ತದೆ. ಆಮೇಲೆ ಬರೆದ: "ಪರದೆ ಮಾಡುವುದೇ ನಮ್ಮ ಕೆಲಸವಲ್ಲವೇ ಅಕ್ಕ?"

ಮಲ್ಲಪ್ಪಣ್ಣ ಬಗ್ಗಿ ಓದಿ ಮೇಜು ಗುದ್ದಿದರು. "ಬರೋಬ್ಬರಿ ಹೇಳ್ಯಾನ ನೋಡ್ರಿ ಅಕ್ಕಾರ! ಈಗ ಹೇಳ್ರಿ ನಿಮ್ಮ ಜವಾಬು."

ಆಗಲಿ ಎಂದು ತಲೆಯಾಡಿಸಿದೆ. ಅವನು ನನ್ನ ಗಲ್ಲ ಹಿಡಿದು, ಇದು ನಿಜವಾದ ಹೌದೋ ಆ ಹೆಂಗಸಿನ ಹೌದೋ ಎಂದು ಸನ್ನೆಯಲ್ಲೇ ಕೇಳಿದ.

ನಿಜವಾದದ್ದು, ಎಂದು ಸನ್ನೆ ಮಾಡಿದೆ.

ಮುಧೋಳ

ಮೊದಲ ದಿನ ಜಮಖಂಡಿ ಸ್ಟ್ಯಾಂಡಿಗೆ ನಾನೂ ಹೋದೆ. ಬಸ್ಸು ಬಂತು. ಕಂಡಕ್ಟರ್ ಗುರುತಿನವನೇ. ನನ್ನ ಬಾಯಿ ತೆರೆದೇಬಿಟ್ಟಿತ್ತು, ಮುಚ್ಚಿಕೊಂಡೆ. ವಾಸು ಮೆಟ್ಟಿಲ ಮೇಲೆ ನಿಂತು ತನ್ನ ಫೋನನ್ನು ಅಡ್ಡ ಹಿಡಿದು ತೋರಿಸಿದ. ಕಪ್ಪು ನೆಲದ ಮೇಲೆ ಹಳದಿ ಅಕ್ಷರ, ದೂರದಿಂದಲೂ ಓದುವಷ್ಟು ದೊಡ್ಡದು: "ಮುಧೋಳ. ಒಂದು ಟಿಕೆಟ್. ನನಗೆ ಕೇಳಿಸುವುದಿಲ್ಲ, ಓದಲು ಬರುತ್ತದೆ. ಬರೆದು ತೋರಿಸಿ." ಕಂಡಕ್ಟರ್ ಓದಿದ. ನನ್ನ ಕಡೆ ನೋಡಿದ. ನಾನು ಬೇರೆ ಕಡೆ ನೋಡಿದೆ, ಜಪಾನಿನವರ ಹಾಗೆ. ಅವನು ಟಿಕೆಟ್ ಹರಿದು ಕೊಟ್ಟ.

ಅಂಗಡಿ ನಡೆಯಿತು. ಎದುರಿಗೆ ಹಾಕಿದ ಪರದೆಯ ಮುಂದೆ ಜನವೋ ಜನ. ಒಂದೇ ತಕರಾರು. ಯಾರದೋ ಹುಟ್ಟುಹಬ್ಬದ ಶುಭಾಶಯ ಬಂದು ಒಂದು ಗುಟುಕು ಚಹಾ ಕುಡಿಯುವುದರೊಳಗೆ ಸರಿದು ಸೀಮೆಂಟಿನ ಜಾಹೀರಾತು ಬರುತ್ತದೆ. ಹಾರ ಹಿಡಿದುಕೊಂಡು ಬಂದ ಅಭಿಮಾನಿಗಳು, ನಾನು ಅಲ್ಲಿಗೆ ಹೋದ ದಿನ, ನನ್ನ ಮೇಲೆ ಏರಿ ಬಂದರು. "ನಮ್ಮ ಸಾವಕಾರ್ರು ಬಂದು ಹೋಗೇಬಿಟ್ರಲ್ರಿ! ಒಂಚೂರು ನಿಲ್ಲಸ್ರಿ ಅವರನ್ನ!" ಸಾವಕಾರರ ಮುಖ ಮತ್ತೆ ಬರುವವರೆಗೆ ಎಲ್ಲರೂ ಹಾರ ಎತ್ತಿ ಹಿಡಿದು ನಿಂತರು. ವಾಸು ಅದೇ ಪರದೆಯ ಅಡಿಯಲ್ಲಿ ಇನ್ನೊಂದು ಪಟ್ಟಿ ಓಡಿಸಿದ್ದ. ಬಸ್‌ಸ್ಟ್ಯಾಂಡಿನಲ್ಲಿ ಕೂಗಿ ಹೇಳುವುದನ್ನು ಪಕ್ಕದ ಪಾನ್ ಅಂಗಡಿಯವನು ಬರೆದುಕೊಟ್ಟರೆ, ಇವನು ಅಕ್ಷರ ಮಾಡಿ ಬಿಡುತ್ತಿದ್ದ. ಜಮಖಂಡಿ ಬಸ್ಸು ತಡ. ಬಾಗಲಕೋಟೆ ಬಸ್ಸು ಬಂದಿದೆ. ಜನ ಅದನ್ನು ಓದಿ, ಒಳಗೆ ಬಂದು, "ಖರೇನ್ರಿ?" ಎಂದು ಕೇಳುತ್ತಾರೆ. ಕಿವಿ ಕೇಳಿಸದವನನ್ನೇ ಕೇಳುತ್ತಾರೆ. ಅವನು ಪರದೆ ತೋರಿಸುತ್ತಾನೆ.

ದಿನಾ ಸಂಜೆ ಅವನು ಬರುವ ಬಸ್ಸಿನ ಹೊತ್ತಿಗೆ ನಾನು ಅಂಗಡಿ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಒಂದು ಶನಿವಾರ ಬಸ್ಸು ಬಂತು, ಅವನು ಬರಲಿಲ್ಲ. ಮುಂದಿನದೂ ಬಂತು. ಅದರಲ್ಲೂ ಇಲ್ಲ. ಟ್ರ್ಯಾಕ್ಟರು, ಹಾರ್ನು, ಬಿದ್ದ ಬಸ್ಸು, ಎಲ್ಲ ಕಣ್ಣ ಮುಂದೆ ಬಂದವು. ಒಪ್ಪಬಾರದಿತ್ತು, ನಾನೇ ಒಪ್ಪಬಾರದಿತ್ತು. ಗುರುತಿನ ಕಂಡಕ್ಟರಿಗೆ ಫೋನು ಹಚ್ಚಲು ನಂಬರು ಹುಡುಕುತ್ತಿದ್ದೆ, ಅಷ್ಟರಲ್ಲಿ ಸಂದೇಶ ಬಂತು. ಒಂದು ಫೋಟೋ, ಪೂರ್ತಿ ನೀರು, ಇಳಿಬಿಸಿಲಿಗೆ ಕೆಂಪಾದ ನೀರು, ಆಚೆಯ ದಂಡೆ ಗೆರೆಯಷ್ಟು ಸಣ್ಣಗೆ. ಕೆಳಗೆ ಬರೆದಿತ್ತು:

"ಅಂಗಡಿ ಬೇಗ ಮುಚ್ಚಿದೆ. ಬೀಳಗಿಯ ಬಸ್ಸು ನಿಂತಿತ್ತು, ಹತ್ತಿದೆ. ಕೃಷ್ಣೆಯ ಹಿನ್ನೀರನ್ನು ನೋಡಬೇಕೆನಿಸಿತು. ಕೆಲಸವೇನೂ ಇರಲಿಲ್ಲ."

ಕೆಲಸವಿಲ್ಲದೆ, ಯಾರ ಕೈಗೂ ಒಪ್ಪಿಸದೆ, ಸುಮ್ಮನೆ ಮನಸ್ಸಾಯಿತೆಂದು ಅವನು ಒಂದು ಊರಿಗೆ ಹೋದದ್ದು ಹುಟ್ಟಿದ ಮೇಲೆ ಇದೇ ಮೊದಲು. ಟೋಕಿಯೊವನ್ನೂ ಅವನು ನನ್ನ ಜೊತೆಗೇ ನೋಡಿದ್ದ. ಬೈಯಬೇಕೆಂದು ಫೋನು ಬಾಯಿಯ ಹತ್ತಿರ ತಂದವಳು ಹಾಗೇ ಕೆಳಗಿಳಿಸಿದೆ. ಫೋಟೋ ದೊಡ್ಡದು ಮಾಡಿ ನೋಡಿದೆ. ಇಷ್ಟು ಹತ್ತಿರ ಇದ್ದೂ ನಾನು ಆ ನೀರನ್ನು ಒಮ್ಮೆಯೂ ನೋಡಿಲ್ಲ. ಒಂದೊಂದೇ ಅಕ್ಷರ ಒತ್ತಿ ಕೇಳಿದೆ, ಹೆಂಗೈತಿ ಅಲ್ಲಿ?

ಉತ್ತರ ಬಂತು:

"ಬರೆದರೆ ತಿಳಿಯುವುದಿಲ್ಲ ಅಕ್ಕ. ನಾಳೆ ಭಾನುವಾರ. ನಾನು ನಿನ್ನನ್ನು ಕರೆದುಕೊಂಡು ಬರುತ್ತೇನೆ."